ದೀಪ ಎದುರಿಗಿದ್ದಾಗ ಫಿಲ್ಟರ್ ತೆಗೆ

ಠಾಕುರ್ಲಿ
೨-೧೦-೧೯೭೯

ಪ್ರಿಯ ಭುಜಂಗ,

ಬದುಕಿದ್ದೀಯೋ ಇಲ್ಲವೋ ಎಂದು ಕೇಳುವುದಕ್ಕೆ ಈ ಕಾಗದವಲ್ಲ, ಬದುಕಿದ್ದೀ ಎಂದು ಗೊತ್ತಾಗಿಯೇ ಬರೆಯುತ್ತಿದ್ದೇನೆ. ಮೊನ್ನೆ ಡೊಂಬಿವಲಿ ಸ್ಟೇಶನ್ನಿನಲ್ಲಿ, ನಿನ್ನ ಹಳೆಯ ಸ್ಟುಡಿಯೋ ಪಕ್ಕದ ಹೋಟೆಲಿನ ಯಂಕಣ್ಣ ಸಿಕ್ಕಿದ್ದ. ನೀನು ವಾಶಿಯಲ್ಲಿ ಹೊಸ ಸ್ಟುಡಿಯೋ ಇಟ್ಟಿದ್ದೀ, ಹೊಟ್ಟೆಯೂ ಬಂದಿದೆ ಎಂದು ವರದಿ ಒಪ್ಪಿಸಿದ. ಹೊಟ್ಟೆ ಬಂದವನಿಗೆ ಠಾಣೆಯ ಬಸ್ಸು ಹತ್ತಿ ಇತ್ತ ಬರಲು ಮೂರು ವರ್ಷದಲ್ಲಿ ಒಂದು ಭಾನುವಾರ ಸಿಗಲಿಲ್ಲ ನೋಡು. ಮುಂಬ್ರಾದ ಆ ಖೋಲಿಯಲ್ಲಿ ಒಂದೇ ಚಾಪೆಯ ಮೇಲೆ ಮಲಗಿದವರು ನಾವು. ನೀನು ನನಗೆ ಕುಚಲಕ್ಕಿ ಗಂಜಿ ಉಣ್ಣಲು ಕಲಿಸಿದೆ, ನಾನು ನಿನಗೆ ರೊಟ್ಟಿ ಬಡಿಯಲು ಕಲಿಸಹೋಗಿ ಸೋತೆ. ಅದೆಲ್ಲ ಇರಲಿ.

ಈಗ ಒಂದು ಸಲಹೆ ಬೇಕು. ನಮ್ಮ ಆಫೀಸಿನ ಜೋಶಿ ಸಾಹೇಬರು ರಿಟೈರಾಗಿ ಪುಣೆಗೆ ಹೋಗುವಾಗ ತಮ್ಮ ಕ್ಯಾಮೆರಾ ನನ್ನ ಕೈಗೆ ಕೊಟ್ಟು ಹೋದರು. ಕಲ್ಯಾಣದ ಅಂಗಡಿಯವನು ಲೆನ್ಸಿನ ಮುಂದೆ ಒಂದು ಗಾಜು ಹಾಕಿಸಿಕೊಳ್ಳಿ ಅನ್ನುತ್ತಾನೆ. ಫಿಲ್ಟರ್ ಅಂತೆ. ಬಣ್ಣವಿಲ್ಲ ಏನಿಲ್ಲ, ಬರೀ ರಕ್ಷಣೆಗೆ. ಗೀಚು ಬಿದ್ದರೆ ಅದರ ಮೇಲೆ ಬೀಳುತ್ತದೆ, ಲೆನ್ಸು ಉಳಿಯುತ್ತದೆ. ಜೋಶಿ ಸಾಹೇಬರು ಮೂವತ್ತು ವರ್ಷ ಅಂಥದ್ದೇನೂ ಹಾಕದೆ ಧೋತರದ ಚುಂಗಿನಿಂದ ಒರೆಸಿಕೊಂಡೇ ಫೋಟೋ ತೆಗೆದವರು. ಯಾರ ಮಾತು ಕೇಳಲಿ? ಈ ವಿದ್ಯೆಯಲ್ಲಿ ನನಗೆ ನೀನೇ ಗುರು.

ರುದ್ರವ್ವ ಚೆನ್ನಾಗಿದ್ದಾಳೆ. ತಂಗಿ ಬಾಗಿ ಕಲ್ಯಾಣದ ಹುಡುಗಿಯರ ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಇಪ್ಪತ್ತೆಂಟು ತುಂಬಿತು. ಸೊಲ್ಲಾಪುರದವರು ಅವಳ ಫೋಟೋ ನೋಡಿ, ಹುಡುಗಿಯ ಕೊರಳಲ್ಲಿ ತೊನ್ನಿದೆ ಎಂದು ತಿರುಗಿಸಿ ಕಳಿಸಿದ ಮೇಲೆ ನಮ್ಮ ಮಂದಿಯಲ್ಲಿ ಒಂದು ಸಂಬಂಧವೂ ಮನೆಯ ಹೊಸಿಲು ತುಳಿದಿಲ್ಲ. ಇದನ್ನು ನಿನಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಗ ನೀನು ಕೈಲಾದದ್ದೆಲ್ಲ ಮಾಡಿದೆ, ಎರಡನೇ ಪ್ರತಿ ತೆಗೆದು ನೀನೇ ಮನೆಗೆ ತಂದುಕೊಟ್ಟೆ. ಆ ಉಪಕಾರವನ್ನು ರುದ್ರವ್ವ ಈಗಲೂ ನೆನೆಸುತ್ತಾಳೆ.

ಬೇಗ ಬರೆ. ಹಬ್ಬ ಬಂತು, ರೋಲು ಹಾಕಿಸಬೇಕು.

ನಿನ್ನ,
ಸಿದ್ದಲಿಂಗಪ್ಪ


ವಾಶಿ
೧೧-೧೦-೧೯೭೯

ಪ್ರಿಯ ಸಿದ್ದಲಿಂಗಪ್ಪ,

ನಿನ್ನ ಕಾಗದ ಬಂದು ನಾಲ್ಕು ದಿನವಾಯಿತು. ಹೊಟ್ಟೆಯ ಸುದ್ದಿ ಸುಳ್ಳು. ಯಂಕಣ್ಣ ತನ್ನ ಹೊಟ್ಟೆಯನ್ನು ನನ್ನ ಮೇಲೆ ಹೇಳಿದ್ದಾನೆ.

ಫಿಲ್ಟರ್ ವಿಷಯ. ಹಾಕಿಸು. ನಿಮ್ಮ ಕಡೆ ರೈಲಿನ ಕಬ್ಬಿಣದ ಪುಡಿ, ಡೊಂಬಿವಲಿ ಕಾರ್ಖಾನೆಗಳ ಗಾಳಿ, ಮದುವೆಮನೆಗೆ ಹೋದರೆ ಅಕ್ಷತೆ. ಲೆನ್ಸಿಗೆ ಒಂದು ಗೀಚು ಬಿದ್ದರೆ ಮತ್ತೆ ಹೋಗುವುದಿಲ್ಲ. ಆದರೆ ಅಗ್ಗದ ಗಾಜು ಬೇಡ. ಮತ್ತೆ ಒಂದು ಮಾತು: ದೀಪ ಎದುರಿಗಿದ್ದಾಗ ಫಿಲ್ಟರ್ ತೆಗೆ. ಬೆಳಕಿರುವ ಕಿಟಕಿ ಎದುರಿಗಿದ್ದರೂ ತೆಗೆ. ಯಾಕೆಂದು ಸಿಕ್ಕಾಗ ಹೇಳುತ್ತೇನೆ. ಈಗ ಇಷ್ಟು ನೆನಪಿಟ್ಟುಕೊಂಡರೆ ಸಾಕು.

ನಾನೀಗ ಮದುವೆಗಳಿಗೆ ಹೋಗುವುದಿಲ್ಲ. ಪಾಸ್‌ಪೋರ್ಟು, ಗುರುತಿನ ಚೀಟಿ, ಇಂಥ ಮುಖಗಳು ಮಾತ್ರ. ಹಿಂದೆ ಬಿಳಿ ಬಟ್ಟೆ, ಮುಂದೆ ಸ್ಟೂಲು, ಐದು ನಿಮಿಷದ ಕೆಲಸ. ಇಲ್ಲಿ ಎಲ್ಲರೂ ಹೊಸಬರು, ಯಾರಿಗೂ ಯಾರ ಊರೂ ಗೊತ್ತಿಲ್ಲ. ನನಗೆ ಅದೇ ಹಿತವಾಗಿದೆ.

ರುದ್ರವ್ವಕ್ಕನಿಗೆ ಹೇಳು, ನಾನು ಉಪಕಾರ ಏನೂ ಮಾಡಲಿಲ್ಲ. ಅದನ್ನು ನೆನೆಸುವುದು ಬೇಡ.

ಇಂತಿ,
ಭುಜಂಗ


ಠಾಕುರ್ಲಿ
೧೮-೧೧-೧೯೭೯

ಪ್ರಿಯ ಭುಜಂಗ,

ಗುರುವಿನ ಮಾತು ಮರೆತ ಶಿಷ್ಯನ ಕಥೆ ಕೇಳು. ಫಿಲ್ಟರ್ ಹಾಕಿಸಿದೆ. ದೀಪಾವಳಿಯ ಸಂಜೆ ರುದ್ರವ್ವ ಹೊಸ ಇಳಕಲ್ ಸೀರೆಯುಟ್ಟು ದೀಪ ಹಚ್ಚಿಟ್ಟು ಕೂತಳು, ನಾನು ಸಡಗರದಲ್ಲಿ ಅದನ್ನು ತೆಗೆಯಲು ಮರೆತು ಎಂಟು ಫೋಟೋ ಹೊಡೆದೆ. ಮೊನ್ನೆ ಪ್ರಿಂಟು ಬಂತು. ಒಂದರಲ್ಲಿ ಅವಳ ಬಲಗಡೆಯ ಹೆಗಲ ಮೇಲೆ ಬಿಳಿ ಕಲೆ. "ಅಯ್ಯ, ಹೆಗಲಿಗೆ ಏನ್ರೀ ಇದು? ಸುಣ್ಣ ಬಳದಂಗ ಕಾಣತೈತಿ" ಎಂದಳು. ನಾನು ನಕ್ಕೆ. ನಗುತ್ತಿರುವಾಗಲೇ ನಗು ನಿಂತಿತು.

ಬಾಗಿ ಆ ಫೋಟೋ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಆಮೇಲೆ ಶಾಲೆಯ ಚೀಲದಿಂದ ಸ್ಕೇಲು, ಪೆನ್ಸಿಲು ತಂದಳು. ದೀಪದಿಂದ ಕಲೆಗೆ ಗೆರೆ ಎಳೆದಳು. ಗೆರೆ ಸರಿಯಾಗಿ ಫೋಟೋದ ನಟ್ಟನಡುವೆ ಹಾದುಹೋಯಿತು. ದೀಪ ನಡುವಿನಿಂದ ಎಷ್ಟು ದೂರವೋ ಕಲೆಯೂ ಅಷ್ಟೇ ದೂರ. ಉಳಿದ ಏಳಕ್ಕೂ ಗೆರೆ ಎಳೆದಳು. ಕಲೆ ಒಮ್ಮೆ ಗೋಡೆಯ ಮೇಲೆ, ಒಮ್ಮೆ ಕ್ಯಾಲೆಂಡರಿನ ಮೇಲೆ, ಆದರೆ ಲೆಕ್ಕ ಒಂದೇ. ಅವಳು ಟ್ರಂಕಿನ ತಳದಿಂದ ತನ್ನ ಹಳೆಯ ಫೋಟೋ ತಂದಳು. ನೀನು ತೆಗೆದದ್ದು, ಸೊಲ್ಲಾಪುರದವರು ತಿರುಗಿಸಿದ ಮೊದಲನೆಯದು. ಎಡಗಡೆ ಕೆಳಗೆ ನಿನ್ನ ಸ್ಟುಡಿಯೋದ ಐದು ಬತ್ತಿಯ ದೀಪದ ಕಂಬ, ಬಲಗಡೆ ಮೇಲೆ ಅವಳ ಕೊರಳು, ಕೊರಳಲ್ಲಿ ಆ ಕಲೆ. ಅದರ ಮೇಲೂ ಗೆರೆ ಎಳೆದಳು, ಅದೇ ಲೆಕ್ಕ. ನಂತರ ಎಲ್ಲವನ್ನೂ ಅಲ್ಲೇ ಬಿಟ್ಟು ಒಳಗೆ ಹೋಗಿ ಹಿಟ್ಟು ನಾದಲು ಕೂತಳು.

ಭುಜಂಗ, ನೀನು "ದೀಪ ಎದುರಿಗಿದ್ದಾಗ ತೆಗೆ" ಎಂದು ಬರೆದೆ. ಯಾಕೆಂದು ಬರೆಯಲಿಲ್ಲ. ನಿನಗೆ ಇದು ಯಾವಾಗಿನಿಂದ ಗೊತ್ತು? ಆಮೇಲೆ ಕಲಿತದ್ದಾದರೆ ಹಾಗೆಂದು ಬರೆ, ನಾನು ನಂಬುತ್ತೇನೆ. ಕಲಿಯದೆ ಮಾಡಿದ ತಪ್ಪಿಗೆ ಯಾರೇನು ಮಾಡುವುದು? ಆಗಲೇ ಗೊತ್ತಿತ್ತೇ ಎಂಬುದಷ್ಟೇ ನನ್ನ ಪ್ರಶ್ನೆ.

ನಿನ್ನ,
ಸಿದ್ದಲಿಂಗಪ್ಪ


ವಾಶಿ
೨೯-೧೧-೧೯೭೯

ಸಿದ್ದಲಿಂಗಪ್ಪ,

ಕಾಗದ ತಲುಪಿದೆ. ಕಾರ್ಖಾನೆಯೊಂದರ ಆರುನೂರು ಜನರ ಗುರುತಿನ ಚೀಟಿಯ ಕೆಲಸ ಬಂದಿದೆ, ಕೈ ಬಿಡುವಿಲ್ಲ. ವಿವರವಾಗಿ ಬರೆಯುತ್ತೇನೆ.

ಭುಜಂಗ


ವಾಶಿ
೨೦-೧-೧೯೮೦

ಪ್ರಿಯ ಸಿದ್ದಲಿಂಗಪ್ಪ,

ಆರುನೂರು ಜನರ ಕೆಲಸ ಹದಿನೈದು ದಿನದಲ್ಲೇ ಮುಗಿದಿತ್ತು. ನೀನು ಮತ್ತೆ ಕೇಳಲಿಲ್ಲ. ಕೇಳಿದ್ದರೆ ಇನ್ನೊಂದು ಸುಳ್ಳು ಹೇಳುತ್ತಿದ್ದೆನೇನೋ. ಒಂದು ಭಾನುವಾರ ಠಾಣೆಯವರೆಗೆ ಬಂದು, ಕಲ್ಯಾಣ ಲೋಕಲು ಎದುರಿಗೆ ನಿಂತಾಗ ಹತ್ತಲು ಆಗದೆ, ವಡಾ ತಿಂದು ವಾಪಸು ಬಂದೆ. ಅದಕ್ಕೇ ಈ ಕಾಗದ.

ಆಗಲೇ ಗೊತ್ತಿತ್ತು.

ಹೇಗೆಂದು ಬರೆಯುತ್ತೇನೆ. ಎಪ್ಪತ್ತಾರರ ಮಾರ್ಚಿನಲ್ಲಿ ನೀನು ಬಾಗಿಯನ್ನು ಕರೆದುಕೊಂಡು ಬಂದಾಗ ನನ್ನ ಕ್ಯಾಮೆರಾ ಬಂದು ನಾಲ್ಕು ತಿಂಗಳಾಗಿತ್ತು. ಎರಡು ಲೆನ್ಸಿನದು, ಮೇಲಿನದರಲ್ಲಿ ನೋಡುವುದು, ಕೆಳಗಿನದರಲ್ಲಿ ಚಿತ್ರ ಮೂಡುವುದು. ಕೆಳಗಿನ ಲೆನ್ಸನ್ನು ನಾನು ಹಸುಗೂಸಿನ ಹಾಗೆ ನೋಡಿಕೊಳ್ಳುತ್ತಿದ್ದೆ. ಅದಕ್ಕೆ ಫಿಲ್ಟರ್ ಹಾಕಿದವನು ಬಿಚ್ಚಿದ್ದೇ ಇಲ್ಲ. ಅದು ಸಾದಾ ಗಾಜು. ಎದುರಿಗೆ ಉರಿಯುವ ದೀಪವಿದ್ದರೆ ಅಂಥ ಗಾಜು ದೀಪದ ಬೆಳಕನ್ನು ಒಳಗೇ ತಿರುಗಿಸಿ ಚಿತ್ರದ ಇನ್ನೊಂದು ಕಡೆ ಬೀಳಿಸುತ್ತದೆ. ನೋಡುವ ಲೆನ್ಸಿಗೆ ಫಿಲ್ಟರ್ ಇರಲಿಲ್ಲ, ಹಾಗಾಗಿ ತೆಗೆಯುವಾಗ ನನಗೆ ಕಾಣಲಿಲ್ಲ. ಇಲ್ಲಿಯವರೆಗೆ ಅದು ತಿಳಿಯದೆ ಮಾಡಿದ ತಪ್ಪು.

ದೊಡ್ಡ ಬಲ್ಬುಗಳನ್ನು ಆರಿಸಿ, ಐದು ಬತ್ತಿಯ ದೀಪದ ಪಕ್ಕದಲ್ಲಿ ಕೂರಿಸೋಣ, ಮುಖಕ್ಕೆ ಕಳೆ ಬರುತ್ತದೆ ಎಂದವನೂ ನಾನೇ. ಬಾಗಿ ಬಲ್ಬಿದ್ದರೆ ಸಾಕು ಅಂದಿದ್ದಳು. ಎರಡು ಚಿತ್ರ ತೆಗೆದೆ. ನೀನು ಸೊಲ್ಲಾಪುರಕ್ಕೆ ಹೋಗುವವರ ಕೈಯಲ್ಲಿ ಕಳಿಸಬೇಕೆಂದು ಅವಸರ ಮಾಡಿದ್ದೆ, ಮೊದಲನೆಯದನ್ನು ಪ್ರಿಂಟು ಹಾಕಿ ಕೊಟ್ಟೆ. ಕೊರಳ ಮೇಲೆ ಬಿಳುಪು ಕಂಡಿತ್ತು. ದೀಪದ ಬೆಳಕು ಬಿದ್ದಿದೆ ಅಂದುಕೊಂಡೆ.

ಹತ್ತು ದಿನದ ನಂತರ ನೀನು ಸೊಲ್ಲಾಪುರದವರ ಕಾಗದ ಹಿಡಿದುಕೊಂಡು ಬಂದೆ. ನಿನ್ನನ್ನು ಯಂಕಣ್ಣನ ಹೋಟೆಲಿನಲ್ಲಿ ಕೂರಿಸಿ, ಒಳಗೆ ಹೋಗಿ ನೆಗೆಟಿವ್ ತೆಗೆದು ನೋಡಿದೆ. ಎರಡನೇ ಚಿತ್ರಕ್ಕೆ ಕ್ಯಾಮೆರಾವನ್ನು ಕೊಂಚ ತಿರುಗಿಸಿದ್ದೆ. ಅದರಲ್ಲಿ ಅವಳು ಕೂತಲ್ಲೇ ಕೂತಿದ್ದಾಳೆ, ಕೊರಳಲ್ಲಿ ಏನೂ ಇಲ್ಲ, ಅದೇ ಕಲೆ ಹಿಂದಿನ ಗೋಡೆಯ ಮೇಲಿದೆ. ಗೋಡೆಗೆ ತೊನ್ನು ಬರುವುದಿಲ್ಲವಲ್ಲ. ಆ ಕ್ಷಣಕ್ಕೆ ನನಗೆ ಪೂರ್ತಿ ಗೊತ್ತಾಯಿತು. ಆ ಎರಡು ಚಿತ್ರಗಳನ್ನು ನಿನ್ನ ಕೈಗೆ ಕೊಟ್ಟಿದ್ದರೆ ಅವತ್ತೇ ಎಲ್ಲ ಮುಗಿಯುತ್ತಿತ್ತು.

ಕೊಡಲಿಲ್ಲ. ಆ ಹಂಗಾಮಿನಲ್ಲಿ ಅದೇ ಫಿಲ್ಟರ್ ಹಾಕಿ ನಾಲ್ಕು ಮದುವೆ ತೆಗೆದಿದ್ದೆ. ಹೋಮದ ಬೆಂಕಿ, ಆರತಿ, ಎಲ್ಲದರಲ್ಲೂ ಕಲೆ. ಒಬ್ಬ ವರನ ಹಣೆಯ ಮೇಲೆ, ಒಬ್ಬ ಪುರೋಹಿತರ ಹೊಟ್ಟೆಯ ಮೇಲೆ. ಅವರು ಅದನ್ನು ಬೆಂಕಿಯ ಬೆಳಕು ಎಂದು ನಂಬಿ ಆಲ್ಬಮ್ ಒಯ್ದಿದ್ದರು. ನಿನಗೆ ನಿಜ ಹೇಳಿದರೆ ನೀನು ಸೊಲ್ಲಾಪುರಕ್ಕೆ ಹೇಳುವೆ, ಅಲ್ಲಿಂದ ಡೊಂಬಿವಲಿಗೆ ಬರುತ್ತದೆ, ಭುಜಂಗನಿಗೆ ಕೆಲಸ ಬಾರದು ಎಂದು ನಾಲ್ಕು ಮನೆಯವರೂ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ ಎಂದು ಹೆದರಿದೆ. ಹೊರಗೆ ಬಂದು ನಿನಗೆ, ಪೇಪರಿನ ದೋಷ ಮಾರಾಯ, ಇನ್ನೊಂದು ಪ್ರತಿ ಹಾಕಿಕೊಡುತ್ತೇನೆ ಅಂದೆ. ಅದೇ ಮೊದಲನೇ ಚಿತ್ರವನ್ನೇ ಮತ್ತೆ ಪ್ರಿಂಟು ಹಾಕಿ, ಕೊರಳ ಮೇಲೆ ಸಣ್ಣ ಕುಂಚದಿಂದ ಬಣ್ಣ ತೀಡಿ ಕಲೆ ಮುಚ್ಚಿದೆ. ಬಹಳ ಚೆನ್ನಾಗಿ ಮುಚ್ಚಿದೆ, ಆ ಕೆಲಸದಲ್ಲಿ ನನ್ನ ಕೈ ಪಳಗಿತ್ತು. ಸೊಲ್ಲಾಪುರದವರು ಅದೇ ಚಿತ್ರ, ಕಲೆ ಮಾತ್ರ ಇಲ್ಲ ಎಂಬುದನ್ನು ಗುರುತಿಸಿ, ಇದ್ದದ್ದನ್ನು ಅಳಿಸಿ ಕಳಿಸಿದ್ದಾರೆ, ಖುದ್ದಾಗಿ ಬಂದು ನೋಡಿದರೂ ಪೌಡರು ಹಚ್ಚಿ ಕೂರಿಸುತ್ತಾರೆ ಅಂದರು. ಮೊದಲ ಫೋಟೋದಿಂದ ಅನುಮಾನ ಬಂದಿತ್ತು; ಎರಡನೆಯದರಿಂದ ಅದು ಗಟ್ಟಿಯಾಯಿತು. ನೀನು ಉಪಕಾರ ಅಂದದ್ದು ಇದಕ್ಕೆ.

ಆಮೇಲೆ ಪ್ರತಿ ತಿಂಗಳೂ ಹೇಳಬೇಕೆಂದುಕೊಂಡೆ. ಹೇಳದೆ ಕಳೆದ ಪ್ರತಿ ತಿಂಗಳೂ ಹೇಳುವುದನ್ನು ಕಷ್ಟ ಮಾಡಿತು. ನಿಮ್ಮ ಮನೆಯಲ್ಲಿ ರುದ್ರವ್ವಕ್ಕ ರೊಟ್ಟಿ ಬಡಿಸುವ ಮೊದಲೇ ನೆವ ಹೇಳಿ ಎದ್ದುಬರುವುದು ರೂಢಿಯಾದಾಗ ಡೊಂಬಿವಲಿ ಬಿಟ್ಟೆ. ಲೆನ್ಸಿನ ಮೇಲೆ ಇವತ್ತಿಗೂ ಒಂದು ಗೀಚಿಲ್ಲ.

ಎರಡೂ ನೆಗೆಟಿವ್ ಇದರೊಳಗೆ ಇಟ್ಟಿದ್ದೇನೆ. ಯಾರಿಗೆ ಬೇಕಾದರೂ ತೋರಿಸು, ನನ್ನ ಹೆಸರು ಹೇಳು. ಬಾಗಿಗೆ ನಾನು ಮಾಡಿದ ಅನ್ಯಾಯಕ್ಕೆ ನಿನ್ನ ಕ್ಷಮೆ ಕೇಳುತ್ತೇನೆ.

ಭುಜಂಗ


ಠಾಕುರ್ಲಿ
೨-೩-೧೯೮೦

ಶ್ರೀ ಭುಜಂಗ ಅವರಿಗೆ,

ನಿಮ್ಮ ಕಾಗದ, ಎರಡು ನೆಗೆಟಿವ್ ಸಹಿತ ತಲುಪಿತು.

ರಜೆ ಹಾಕಿ ಸೊಲ್ಲಾಪುರಕ್ಕೆ ಹೋಗಿಬಂದೆ. ವರನ ತಂದೆ ಅಪ್ಪಾಸಾಹೇಬರು ಮನೆಯಲ್ಲಿದ್ದರು. ಎರಡನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಿಮ್ಮ ಕಾಗದವನ್ನು ನಾನೇ ಓದಿ ಹೇಳಿದೆ. "ಹೌದಾ? ಹಂಗಿತ್ತೇನು? ನಮಗೇನ್ ಗೊತ್ತರಿ" ಅಂದರು. ಮೊಮ್ಮಗು ಬಂದು ಅವರ ತೊಡೆ ಹತ್ತಿತು. ನೆಗೆಟಿವ್‌ಗೆ ಕೈ ಹಾಕಲು ಬಂದದ್ದರಿಂದ ನಾನು ಅವನ್ನು ಜೇಬಿಗಿಟ್ಟುಕೊಂಡೆ. ಚಹಾ ಕೊಟ್ಟರು. ಕುಡಿದೆ. ಹೊರಡುವಾಗ ಬಸ್ ಸ್ಟ್ಯಾಂಡಿಗೆ ಹತ್ತಿರದ ದಾರಿ ತೋರಿಸಿದರು. ಇಷ್ಟೇ ಆದದ್ದು.

ನೀವು ಕ್ಷಮೆ ಕೇಳಿದ್ದೀರಿ. ಕೊಡಲು ನನ್ನ ಬಳಿ ಇಲ್ಲ. ಒಂದೇ ಚಾಪೆಯ ಮೇಲೆ ಮಲಗಿದವನು ನನ್ನನ್ನು ಹೋಟೆಲಿನಲ್ಲಿ ಕೂರಿಸಿ ಒಳಗೆ ಹೋಗಿ ನೋಡಿ ಬಂದು ಪೇಪರಿನ ದೋಷ ಅಂದ. ಅವತ್ತು ನಾನು ನಿಮ್ಮ ಎದುರಿಗೆ ಅತ್ತಿದ್ದೆ. ನೀವು ನನ್ನ ಬೆನ್ನು ಸವರಿದ್ದಿರಿ.

ಇನ್ನು ಮುಂದೆ ಈ ಮನೆಗೆ ಕಾಗದ ಬೇಡ.

ಸಿದ್ದಲಿಂಗಪ್ಪ


ಕಲ್ಯಾಣ
೧೭-೩-೧೯೮೦

ಭುಜಂಗಣ್ಣನವರಿಗೆ,

ನಾನು ಭಾಗೀರಥಿ. ಸಿದ್ದಲಿಂಗಪ್ಪನ ತಂಗಿ ಬಾಗಿ. ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತು ಬರೆಯುತ್ತಿದ್ದೇನೆ. ಕನ್ನಡದಲ್ಲಿ ಬರೆದು ಬಹಳ ದಿನವಾಯಿತು, ತಪ್ಪಿದ್ದರೆ ಸುಧಾರಿಸಿಕೊಳ್ಳಿ.

ನಿಮ್ಮ ಜನವರಿಯ ಕಾಗದವನ್ನು ಅಣ್ಣ ರುದ್ರವ್ವ ವೈನಿಗೆ ಗಟ್ಟಿಯಾಗಿ ಓದಿ ಹೇಳಿದ. ನಾನು ಒಳಗೆ ಚಪಾತಿ ಲಟ್ಟಿಸುತ್ತಿದ್ದೆ, ಎಲ್ಲ ಕೇಳಿಸಿತು. ಅದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ದೀಪಾವಳಿಯ ಫೋಟೋಕ್ಕೆ ಸ್ಕೇಲು ಇಟ್ಟ ದಿನವೇ ಕಲೆ ಎಲ್ಲಿಂದ ಬಂತೆಂದು ತಿಳಿದಿತ್ತು. ನಿಮಗೆ ಅದು ಗೊತ್ತಿತ್ತೆಂಬುದೂ, ನೀವು ಎರಡು ತಿಂಗಳು ಉತ್ತರ ಬರೆಯದಿದ್ದಾಗಲೇ ಗೊತ್ತಾಗಿತ್ತು.

ಸೊಲ್ಲಾಪುರದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ನನ್ನನ್ನು ನೋಡಿದವರಲ್ಲ. ಅವರ ಮಗನನ್ನು ನಾನೂ ಫೋಟೋದಲ್ಲಿ ಮಾತ್ರ ನೋಡಿದ್ದು, ಈಗ ಮುಖವೂ ನೆನಪಿಲ್ಲ. ನಾಲ್ಕು ವರ್ಷದಿಂದ ನನ್ನನ್ನು ಕೊರೆಯುತ್ತಿರುವುದು ಬೇರೆ. ನಿಮ್ಮ ಎರಡನೇ ಫೋಟೋವೂ ವಾಪಸು ಬಂದ ದಿನ ವೈನಿ ನನ್ನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಕೈಯಲ್ಲಿ ಕಂದೀಲಿತ್ತು. ಕೊರಳು, ಬೆನ್ನು, ಎಲ್ಲ ನೋಡಿದಳು. ನೋಡುತ್ತ ಅವಳೂ ಅಳುತ್ತಿದ್ದಳು. ಅಣ್ಣ ಬಾಗಿಲ ಹೊರಗೆ ನಿಂತಿದ್ದ. "ಏನರೆ ಐತೇನ?" ಅಂದ. "ಏನೂ ಇಲ್ಲರಿ" ಅಂದಳು ವೈನಿ. ಅಣ್ಣ ಮತ್ತೆ, "ಖರೇನ?" ಅಂದ.

ನಾನು ಎರಡು ವರ್ಷದವಳಿದ್ದಾಗಿನಿಂದ ನನ್ನನ್ನು ಎತ್ತಿ ಆಡಿಸಿದವನು. ಅವನಿಗೆ ಫೋಟೋ ನೋಡಿದ ಮೇಲೆ ನನ್ನ ಮೈ ಸುಳ್ಳಾಯಿತು. ನಿಜವಾಗಿ ತೊನ್ನಿದ್ದಿದ್ದರೂ ನಾನು ಅವನ ತಂಗಿಯೇ ಆಗಿರುತ್ತಿದ್ದೆನಲ್ಲ, ಆ ಮಾತು ನಮ್ಮ ಮನೆಯಲ್ಲಿ ಯಾರೂ ಆಡಲಿಲ್ಲ. ಈಗ ನಿಮ್ಮ ನೆಗೆಟಿವ್ ಬಂದ ಮೇಲೆ ಅಣ್ಣ ನನ್ನ ಮುಖ ನೋಡಿ ಮಾತಾಡುತ್ತಿಲ್ಲ. ನಿಮ್ಮನ್ನು ಬೈಯುತ್ತಾನೆ. ಬೈಯುವಾಗ ಅವನಿಗೆ ಸ್ವಲ್ಪ ಹಗುರಾಗುತ್ತದೆ. ಬೈದುಕೊಳ್ಳಲಿ, ನೀವು ತಡೆದುಕೊಳ್ಳಿ.

ನಾನು ಬರೆದದ್ದು ಇನ್ನೊಂದು ಕಾರಣಕ್ಕೆ. ಆ ಕಾಗದದಲ್ಲಿ ಲೆನ್ಸಿನ ಮಾತಿತ್ತು, ಫಿಲ್ಟರಿನ ಮಾತಿತ್ತು, ನಾಲ್ಕು ಮದುವೆಯ ಮಾತಿತ್ತು, ನನ್ನ ಹೆಸರೂ ಇತ್ತು. ಕ್ಷಮೆಯನ್ನು ಮಾತ್ರ ಅಣ್ಣನ ಹತ್ತಿರ ಕೇಳಿದಿರಿ. ಅಣ್ಣ ಅದನ್ನು ತೆಗೆದುಕೊಂಡು ಸೊಲ್ಲಾಪುರದ ಮುದುಕರ ಹತ್ತಿರ ಹೋದ. ನೀವು ಮೂರೂ ಜನ ಗಂಡಸರು ನನ್ನ ಕೊರಳಿನ ವಿಷಯ ಮಾತಾಡಿ ಮುಗಿಸಿದಿರಿ. ನನಗೆ ಯಾರೂ ಏನೂ ಹೇಳಲಿಲ್ಲ.

ನಿಮ್ಮ ಕೈಯಿಂದ ಒಂದು ಕಾಗದ ನನ್ನ ಹೆಸರಿಗೆ ಬೇಕು. ಶಾಲೆಯ ವಿಳಾಸ ಮೇಲಿದೆ. ಬೆಳಕು, ಗಾಜು, ಕೋನ ಇವೆಲ್ಲ ಬೇಡ, ಅದು ನನಗೆ ಬರುತ್ತದೆ. ಯಾರಿಗೂ ತೋರಿಸುವುದಕ್ಕೂ ಅಲ್ಲ. ನಾನು ಓದಿಕೊಳ್ಳಬೇಕು.

ಭಾಗೀರಥಿ


ವಾಶಿ
೨೬-೩-೧೯೮೦

ಭಾಗೀರಥಿಯವರಿಗೆ,

ಒಂದು ವಾರದಲ್ಲಿ ಐದು ಕಾಗದ ಬರೆದು ಹರಿದೆ. ಎಲ್ಲದರಲ್ಲೂ ಎರಡನೇ ಸಾಲಿಗೇ ನನ್ನ ಕಷ್ಟ ಶುರುವಾಗುತ್ತಿತ್ತು. ಇದರಲ್ಲಿ ಅದಿಲ್ಲ.

ನಿಮ್ಮ ಕೊರಳಲ್ಲಿ ಏನೂ ಇರಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ, ಮತ್ತು ಇಲ್ಲದ ಕಲೆಗೆ ಬಣ್ಣ ಬಳಿದು ಅದು ಇದೆ ಎಂದು ಊರೇ ನಂಬುವ ಹಾಗೆ ಮಾಡಿದೆ. ನಿಮ್ಮ ಮನೆಯವರೂ ನಂಬುವ ಹಾಗೆ ಮಾಡಿದೆ. ನಿಮ್ಮಣ್ಣ ಬಾಗಿಲ ಹೊರಗೆ ಕೇಳಿದ ಆ ಪ್ರಶ್ನೆಯನ್ನು ಅವನ ಬಾಯಲ್ಲಿ ಇಟ್ಟವನು ನಾನು.

ನಿಮ್ಮ ಕ್ಷಮೆ ಕೇಳುತ್ತೇನೆ. ಕೊಡಬೇಕೆಂದಿಲ್ಲ.

ಭುಜಂಗ